ಬಣ್ಣದ ನೀರು, ಉಪ್ಪಿನ ಲೆಕ್ಕ

ತಮಿಳುನಾಡಿನ ಚೆನ್ನಿಮಲೆಯ ಹತ್ತಿರ ನೊಯ್ಯಲ್ ನದಿಗೆ ಅಡ್ಡಲಾಗಿ ಒರತ್ತುಪಾಳಯಂ ಎಂಬ ಅಣೆಕಟ್ಟು ಇದೆ. 1992ರಲ್ಲಿ ಕೆಲಸ ಮುಗಿದ ಈ ಅಣೆಕಟ್ಟನ್ನು ಕೆಳಭಾಗದ ಸಾವಿರಾರು ಎಕರೆಗೆ ನೀರುಣಿಸಲೆಂದು ಕಟ್ಟಿದ್ದರು. ಕೆಲವೇ ವರ್ಷಗಳಲ್ಲಿ ಅಲ್ಲಿನ ರೈತರು ಸರ್ಕಾರದ ಮುಂದೆ ವಿಚಿತ್ರವಾದೊಂದು ಬೇಡಿಕೆ ಇಟ್ಟರು: ದಯವಿಟ್ಟು ಈ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಬೇಡಿ. ಮೇಲ್ಭಾಗದ ತಿರುಪ್ಪೂರಿನಲ್ಲಿ ಬನಿಯನ್ನು, ಟೀ-ಶರ್ಟುಗಳಿಗೆ ಬಣ್ಣ ಹಾಕುವ ನೂರಾರು ಘಟಕಗಳು ಬಿಟ್ಟ ನೀರೆಲ್ಲ ಬಂದು ಅಲ್ಲಿ ತುಂಬಿಕೊಳ್ಳುತ್ತಿತ್ತು. ನಿಂತ ನೀರು ನೆಲಕ್ಕಿಳಿದು ಸುತ್ತಲಿನ ಬಾವಿಗಳು ಕೆಟ್ಟವು, ತೆಂಗು ಒಣಗಿತು, ಆ ನೀರು ಹಾಯಿಸಿದ ಹೊಲ ಬಿಳಿಚಿಕೊಂಡಿತು.

ನೊಯ್ಯಲ್ ನಮಗೆ ತೀರ ಪರಕೀಯವಲ್ಲ. ಪಶ್ಚಿಮ ಘಟ್ಟದ ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರು ಹಾದು, ಕರೂರು ಜಿಲ್ಲೆಯಲ್ಲಿ ಅದು ಕಾವೇರಿಯನ್ನು ಸೇರುತ್ತದೆ. ಆ ಸೀಮೆಯಲ್ಲಿ ಮನೆಯೊಳಗೆ ಇಂದಿಗೂ ಕನ್ನಡವನ್ನೇ ಆಡುವ ದೇವಾಂಗ ನೇಕಾರರ ಕುಟುಂಬಗಳಿವೆ. ನಮ್ಮಲ್ಲಿ ಮಾರಾಟವಾಗುವ ಹತ್ತಿಯ ಒಳ ಉಡುಪು, ಮಕ್ಕಳ ಬಟ್ಟೆಗಳಲ್ಲಿ ದೊಡ್ಡ ಪಾಲು ಬರುವುದೂ ತಿರುಪ್ಪೂರಿನಿಂದಲೇ.

ರೈತರು ಮದ್ರಾಸ್ ಹೈಕೋರ್ಟಿಗೆ ಹೋದರು. 2006ರ ಡಿಸೆಂಬರಿನಲ್ಲಿ ಹೈಕೋರ್ಟು, 2009ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಒಂದೇ ಮಾತು ಹೇಳಿದವು: ಒಂದು ಹನಿ ತ್ಯಾಜ್ಯನೀರೂ ಹೊರಗೆ ಹೋಗಕೂಡದು. ಗಡುವುಗಳು ಬಂದವು, ಹೋದವು. ಕೊನೆಗೆ 2011ರ ಜನವರಿ 28ರಂದು ಹೈಕೋರ್ಟು ತಿರುಪ್ಪೂರಿನ ಏಳುನೂರಕ್ಕೂ ಹೆಚ್ಚು ಬಣ್ಣದ ಮತ್ತು ಬ್ಲೀಚಿಂಗ್ ಘಟಕಗಳನ್ನು ಮುಚ್ಚಿಸಿತು. ಮತ್ತೆ ಬಾಗಿಲು ತೆರೆಯಲು ಅವರಿಗಿದ್ದ ದಾರಿ ಒಂದೇ. ಬಳಸಿದ ನೀರನ್ನು ಶುದ್ಧಮಾಡಿ ಮತ್ತೆ ಅದೇ ಬಣ್ಣದ ಯಂತ್ರಕ್ಕೆ ತುಂಬಬೇಕು. ಇದಕ್ಕೆ ಈಗ ಎಲ್ಲರೂ ಝೆಡ್‌ಎಲ್‌ಡಿ ಎನ್ನುತ್ತಾರೆ, ಶೂನ್ಯ ವಿಸರ್ಜನೆ. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ವಿವರವಾಗಿ ನೋಡೋಣ. ನಮ್ಮ ಊರುಗಳಲ್ಲೂ ಬಣ್ಣದ ಘಟಕಗಳಿವೆ, ಅವುಗಳ ಮುಂದೆ ಚರಂಡಿಯೂ ಇದೆ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಬಣ್ಣದ ನೀರು ಎಂದಕೂಡಲೇ ನಮ್ಮ ಕಣ್ಣು ಬಣ್ಣದ ಮೇಲೆ ಬೀಳುತ್ತದೆ. ಕೆಂಪಾಗಿ ಹರಿಯುವ ಹಳ್ಳದ ಚಿತ್ರ ಪತ್ರಿಕೆಯಲ್ಲಿ ಬಂದರೆ ಗದ್ದಲವಾಗುತ್ತದೆ, ಅಧಿಕಾರಿಗಳು ಓಡಿಬರುತ್ತಾರೆ. ನೀರು ತಿಳಿಯಾದರೆ ಎಲ್ಲರೂ ಸುಮ್ಮನಾಗುತ್ತಾರೆ. ಆದರೆ ಹೊಲವನ್ನೂ ಬಾವಿಯನ್ನೂ ಹಾಳುಮಾಡುವುದು ಹೆಚ್ಚಾಗಿ ಕಣ್ಣಿಗೆ ಕಾಣದ ಉಪ್ಪು. ಶುದ್ಧೀಕರಣದ ಖರ್ಚಿನಲ್ಲಿ ಸಿಂಹಪಾಲು ಹೋಗುವುದೂ ಉಪ್ಪಿಗೇ.

ಒಂದು ಲಾಟ್ ಬಟ್ಟೆಯ ಲೆಕ್ಕ

ಹತ್ತಿಗೆ ಇಂದು ಹೆಚ್ಚಾಗಿ ಬಳಸುವುದು ರಿಯಾಕ್ಟಿವ್ ಬಣ್ಣ. ಅದು ನೂಲಿನ ಮೇಲೆ ಬರೀ ಮೆತ್ತಿಕೊಳ್ಳುವುದಿಲ್ಲ, ನೂಲಿನ ಅಣುವಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಹಾಗಾಗಿ ಒಗೆದರೂ ಹೋಗದು. ತೊಡಕು ಇರುವುದು ಬೆಸೆದುಕೊಳ್ಳುವ ಮೊದಲಿನ ಹಂತದಲ್ಲಿ. ನೀರಿನಲ್ಲಿ ನೆನೆದ ಹತ್ತಿಯ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ, ಕರಗಿದ ಬಣ್ಣದ ಅಣುವಿನ ಮೇಲೂ ಋಣ ವಿದ್ಯುದಂಶವೇ. ಎರಡೂ ಒಂದನ್ನೊಂದು ದೂರ ತಳ್ಳುತ್ತವೆ. ಈ ತಳ್ಳಾಟವನ್ನು ತಗ್ಗಿಸಲು ಪಾತ್ರೆಗೆ ಉಪ್ಪು ಸುರಿಯಬೇಕು. ಅಡುಗೆ ಉಪ್ಪು ಆಗಬಹುದು, ಗ್ಲಾಬರ್ ಉಪ್ಪು ಎಂದು ಕರೆಯುವ ಸೋಡಿಯಂ ಸಲ್ಫೇಟ್ ಆಗಬಹುದು. ಉಪ್ಪು ಬಣ್ಣವನ್ನು ನೂಲಿನತ್ತ ದೂಡುತ್ತದೆ. ಆಮೇಲೆ ಸೋಡಾ ಆಶ್ ಹಾಕಿ ನೀರನ್ನು ಕ್ಷಾರವಾಗಿಸಿ, ಸುಮಾರು 60 ಡಿಗ್ರಿ ಬಿಸಿಯಲ್ಲಿ ಇಟ್ಟರೆ ಬಣ್ಣ ಬೆಸೆಯುತ್ತದೆ. ಉಪ್ಪು ಮಾತ್ರ ಬಟ್ಟೆಯಲ್ಲಿ ಉಳಿಯುವುದೇ ಇಲ್ಲ. ಕೆಲಸ ಮುಗಿಸಿ, ಹಾಕಿದಷ್ಟೂ ಹೊರಗೆ ಬರುತ್ತದೆ.

ಗಾಢ ನೀಲಿ ಬಣ್ಣದ 500 ಕಿಲೋ ಹತ್ತಿ ಹೆಣಿಗೆ ಬಟ್ಟೆಯನ್ನು ತೆಗೆದುಕೊಳ್ಳಿ. ಸಾಫ್ಟ್ ಫ್ಲೋ ಯಂತ್ರದಲ್ಲಿ ಕಿಲೋ ಬಟ್ಟೆಗೆ 8 ಲೀಟರ್ ನೀರು ಎಂದರೆ ಒಂದು ಪಾತ್ರೆಗೆ 4,000 ಲೀಟರ್. ಗಾಢ ಶೇಡಿಗೆ ಲೀಟರಿಗೆ 70 ಗ್ರಾಂ ಉಪ್ಪು ಹಿಡಿದರೆ 280 ಕಿಲೋ. ಸೋಡಾ ಆಶ್ ಲೀಟರಿಗೆ 20 ಗ್ರಾಂ, ಅಂದರೆ 80 ಕಿಲೋ. ಬಣ್ಣ ಬಟ್ಟೆಯ ತೂಕದ ಶೇ. 4, ಅಂದರೆ 20 ಕಿಲೋ. ಈ ಬಣ್ಣದಲ್ಲಿ ಮುಕ್ಕಾಲು ಭಾಗ ಬಟ್ಟೆಗೆ ಹಿಡಿಯಿತು ಎನ್ನೋಣ. ಉಳಿದ 5 ಕಿಲೋ ನೀರಿನ ಜೊತೆಗೇ ಬೆಸೆದುಕೊಂಡು ಕೆಟ್ಟಿರುತ್ತದೆ, ಅದನ್ನು ಮತ್ತೆ ಬಳಸಲು ಬರುವುದಿಲ್ಲ. ಇದಕ್ಕೆ ಮೊದಲು ಕಾಸ್ಟಿಕ್ ಮತ್ತು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಬ್ಲೀಚು, ನಂತರ ಬಿಸಿನೀರಿನ ತೊಳೆತ, ಸೋಪಿಂಗ್, ಮತ್ತೆ ತೊಳೆತ, ಕೊನೆಗೆ ಮೆದುಗೊಳಿಸುವ ರಾಸಾಯನಿಕ. ಹೀಗೆ ಹತ್ತು ಹನ್ನೆರಡು ಸಲ ನೀರು ತುಂಬಿ ಬಸಿದು, ಲಾಟ್ ಇಳಿಸುವ ಹೊತ್ತಿಗೆ 35ರಿಂದ 40 ಸಾವಿರ ಲೀಟರ್ ನೀರು ಚರಂಡಿಯ ದಾರಿ ಹಿಡಿದಿರುತ್ತದೆ.

ಎಲ್ಲವನ್ನೂ ಒಂದೇ ಗುಂಡಿಗೆ ಬಿಟ್ಟರೆ ಲೀಟರಿಗೆ 9-10 ಗ್ರಾಂ ಕರಗಿದ ಲವಣ ಇರುವ ನೀರು ಸಿಗುತ್ತದೆ. ತಿಳಿ ಬಣ್ಣಗಳಿಗೆ ಉಪ್ಪು ಕಡಿಮೆ ಸಾಕು, ಬಿಳಿ ಬಟ್ಟೆಗೆ ಬೇಕೇ ಇಲ್ಲ. ಹಾಗಾಗಿ ಊರಿನ ಎಲ್ಲ ಘಟಕಗಳ ನೀರು ಬೆರೆತಾಗ ಟಿಡಿಎಸ್, ಎಂದರೆ ಕರಗಿದ ಒಟ್ಟು ಲವಣ, ಲೀಟರಿಗೆ 5,000ದಿಂದ 7,000 ಮಿಲಿಗ್ರಾಂ ಆಸುಪಾಸಿನಲ್ಲಿ ನಿಲ್ಲುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವುದು 500, ಬೇರೆ ನೀರೇ ಇಲ್ಲದಿದ್ದರೆ 2,000. ಹೊಲಕ್ಕೆ ಈ ನೀರು ಹಾಯಿಸಿದರೆ ಸೋಡಿಯಂ ಮಣ್ಣಿನ ಕಣಗಳ ಹಿಡಿತ ಸಡಿಲಿಸಿ, ನೀರಿಳಿಯದಂತೆ ಮೇಲ್ಪದರವನ್ನು ಗಟ್ಟಿಗಟ್ಟಿಸುತ್ತದೆ. ಕಪ್ಪು ಮಣ್ಣಿನಲ್ಲಿ ಇದು ಇನ್ನೂ ಬೇಗ.

ಈ ಲೆಕ್ಕದೊಳಗೆ ಇನ್ನೊಂದು ಸಂಗತಿ ಅಡಗಿದೆ. ಬಣ್ಣದ ಪಾತ್ರೆ ಬಸಿದ ನೀರು ಮತ್ತು ಅದರ ಹಿಂದೆಯೇ ಬರುವ ಮೊದಲನೆಯ ತೊಳೆತ, ಈ ಎರಡರಲ್ಲೇ ಹೆಚ್ಚುಕಡಿಮೆ ಶೇ. 90ರಷ್ಟು ಉಪ್ಪು ಹೊರಬಿದ್ದಿರುತ್ತದೆ. ಬಟ್ಟೆ ಹೀರಿಕೊಂಡು ಉಳಿಸಿಕೊಳ್ಳುವ ನೀರನ್ನು ಕಳೆದರೆ ಇವೆರಡೂ ಸೇರಿ ಐದಾರು ಸಾವಿರ ಲೀಟರ್ ಅಷ್ಟೇ. ಉಳಿದ ಮೂವತ್ತು ಸಾವಿರ ಲೀಟರಿನಲ್ಲಿ ಉಪ್ಪು ಅಲ್ಪ. ಹೀಗಿದ್ದೂ ಬಹುತೇಕ ಕಡೆ ಎರಡನ್ನೂ ಒಂದೇ ಪೈಪಿಗೆ ಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ಉದ್ಯಮದ ಅತಿ ದುಬಾರಿ ತಪ್ಪು ಇದೇ. ಯಂತ್ರದ ಕೆಳಗೆ ಎರಡು ಪೈಪು, ಒಂದು ವಾಲ್ವು ಹಾಕಿದರೆ ಸುಲಭದಲ್ಲಿ ಶುದ್ಧವಾಗುವ ನೀರನ್ನೆಲ್ಲ ಉಪ್ಪಿನಲ್ಲಿ ಕದಡುವುದು ತಪ್ಪುತ್ತದೆ.

ಬ್ಯಾಕ್ಟೀರಿಯಾಗಳ ಪಾಲಿನ ಕೆಲಸ

ಶುದ್ಧೀಕರಣ ಘಟಕಕ್ಕೆ ಬರುವ ನೀರು ಗಂಟೆಗೊಂದು ತರ. ಒಮ್ಮೆ ಕಡುಗಪ್ಪು, ಬಿಸಿ, ಕ್ಷಾರ. ಇನ್ನೊಮ್ಮೆ ನೊರೆ ತುಂಬಿದ ಸೋಪಿನ ನೀರು. ಆದ್ದರಿಂದ ಮೊದಲಿಗೆ ಒಂದು ದಿನದ ನೀರು ಹಿಡಿಯುವಷ್ಟು ದೊಡ್ಡ ತೊಟ್ಟಿಯಲ್ಲಿ ಎಲ್ಲವನ್ನೂ ಕಲಸುತ್ತಾರೆ. ನೂಲಿನ ತುಣುಕು, ನಯವಾದ ಹತ್ತಿಯ ಜುಂಗು ಜರಡಿಯಲ್ಲಿ ಸಿಗುತ್ತದೆ. ಆಮ್ಲ ಹಾಕಿ ಕ್ಷಾರವನ್ನು ತಗ್ಗಿಸುತ್ತಾರೆ, ಕೂಲಿಂಗ್ ಟವರ್ ಹಾಯಿಸಿ 40 ಡಿಗ್ರಿಗಿಂತ ಕೆಳಗಿಳಿಸುತ್ತಾರೆ. ಇಷ್ಟೆಲ್ಲ ಉಪಚಾರ ಮುಂದಿನ ತೊಟ್ಟಿಯ ಬ್ಯಾಕ್ಟೀರಿಯಾಗಳಿಗಾಗಿ.

ಹಿಂದೆ ಈ ಹಂತದಲ್ಲಿ ಸುಣ್ಣ, ಫೆರಸ್ ಸಲ್ಫೇಟ್ ಸುರಿದು ಬಣ್ಣವನ್ನು ಗಡ್ಡೆಗಟ್ಟಿಸಿ ಕೆಳಗಿಳಿಸುವ ಪದ್ಧತಿ ಇತ್ತು. ಈಗಲೂ ಸಣ್ಣ ಘಟಕಗಳಲ್ಲಿದೆ. ನೀರು ಬೇಗ ತಿಳಿಯಾಗುತ್ತದೆ, ನೋಡಿದವರಿಗೆ ಖುಷಿಯಾಗುತ್ತದೆ. ಆದರೆ ರಾಶಿ ರಾಶಿ ಕೆಸರು ಹುಟ್ಟುತ್ತದೆ, ಅದು ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಸುಣ್ಣ ಹಾಕಿದ್ದರಿಂದ ನೀರಿನ ಗಡಸುತನವೂ ಏರಿ, ಮುಂದಿನ ಹಂತದಲ್ಲಿ ಉಪ್ಪು ಸೋಸುವ ಪೊರೆಗಳ ಮೇಲೆ ಸುಣ್ಣಗಟ್ಟುತ್ತದೆ. ಉಪ್ಪಿಗಂತೂ ಈ ವಿಧಾನ ಏನೂ ಮಾಡದು, ಇನ್ನೊಂದಿಷ್ಟು ಸೇರಿಸುತ್ತದೆ. ಅದಕ್ಕೇ ಹೊಸ ಘಟಕಗಳು ಜೈವಿಕ ವಿಧಾನವನ್ನು ಮುಂದಿಟ್ಟುಕೊಂಡಿವೆ.

ಗಾಳಿ ಊದುವ ದೊಡ್ಡ ತೊಟ್ಟಿಯಲ್ಲಿ ನೀರು ಒಂದೆರಡು ದಿನ ಇರುತ್ತದೆ. ತಳದಿಂದ ಸಣ್ಣ ಗುಳ್ಳೆಗಳು ಏಳುತ್ತಲೇ ಇರುತ್ತವೆ. ಲೀಟರಿಗೆ 2 ಮಿಲಿಗ್ರಾಂ ಆಮ್ಲಜನಕ ಕರಗಿರುವಂತೆ ನೋಡಿಕೊಳ್ಳಬೇಕು. ಬ್ಯಾಕ್ಟೀರಿಯಾಗಳು ಸೋಪು, ಎಣ್ಣೆ, ಮೇಣ, ಅಸಿಟಿಕ್ ಆಮ್ಲಗಳನ್ನು ತಿಂದು ಬೆಳೆಯುತ್ತವೆ. ಬಟ್ಟೆಯ ನೀರಿನಲ್ಲಿ ಸಾರಜನಕ, ರಂಜಕ ಸಾಲದು, ಹಾಗಾಗಿ ಯೂರಿಯಾ, ಡಿಎಪಿ ಹಾಕಿ ಸಾಕಬೇಕು. ಬಣ್ಣದ ಅಣುಗಳು ಮಾತ್ರ ಸುಲಭಕ್ಕೆ ಬಗ್ಗುವುದಿಲ್ಲ. ಬಹುಪಾಲು ಬಣ್ಣಗಳಲ್ಲಿ ಎರಡು ಸಾರಜನಕ ಪರಮಾಣುಗಳ ಜೋಡಿಬಂಧವಿದೆ, ಅದಕ್ಕೆ ಅಜೋ ಬಂಧ ಎನ್ನುತ್ತಾರೆ. ಗಾಳಿ ಇರುವೆಡೆ ಅದು ಮುರಿಯುವುದು ಕಷ್ಟ, ಗಾಳಿಯಿಲ್ಲದ ತೊಟ್ಟಿಯಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಮುರಿಯುತ್ತವೆ. ಮುರಿದಾಗ ಬಣ್ಣ ಮಾಯವಾಗಿ ಆರೊಮ್ಯಾಟಿಕ್ ಅಮೀನುಗಳು ಉಳಿಯುತ್ತವೆ. ಇವುಗಳಲ್ಲಿ ಕೆಲವು ವಿಷಕಾರಿ. ಬಣ್ಣ ಹೋದ ನೀರು ಬಣ್ಣವಿದ್ದ ನೀರಿಗಿಂತ ಕೆಟ್ಟದ್ದಾಗಿರಬಹುದು ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಆ ಅಮೀನುಗಳನ್ನು ತಿಂದು ಮುಗಿಸಲು ಮತ್ತೆ ಗಾಳಿಯ ತೊಟ್ಟಿಯೇ ಬೇಕು. ಎರಡೂ ಬಗೆಯ ತೊಟ್ಟಿಗಳು ಒಂದರ ಹಿಂದೊಂದು ಇದ್ದರೆ ಚೆನ್ನ.

ಘಟಕ ನೋಡಿಕೊಳ್ಳುವವರು ದಿನಾ ಮಾಡುವ ಒಂದು ಪರೀಕ್ಷೆ ಇದೆ. ಗಾಳಿಯ ತೊಟ್ಟಿಯಿಂದ ಒಂದು ಲೀಟರ್ ಕಂದು ನೀರನ್ನು ಗಾಜಿನ ಅಳತೆಯ ಕೊಳವೆಗೆ ತುಂಬಿ, ಅಲುಗಾಡಿಸದೆ ಅರ್ಧ ಗಂಟೆ ಬಿಡುತ್ತಾರೆ. ಆರೋಗ್ಯವಾಗಿದ್ದರೆ ಬ್ಯಾಕ್ಟೀರಿಯಾಗಳ ಮುದ್ದೆ ಮೋಡ ಕವಿದಂತೆ ಒಟ್ಟುಗೂಡಿ ನಿಧಾನ ಕೆಳಗಿಳಿದು, ಕೊಳವೆಯ ಮೂರನೇ ಒಂದು ಭಾಗದಷ್ಟರಲ್ಲಿ ಕೂರುತ್ತದೆ. ಮೇಲಿನ ನೀರಿಗೆ ಚಹಾದ ಬಣ್ಣವಿದ್ದರೂ ಕದಡಿರುವುದಿಲ್ಲ. ಮೂಗಿಗೆ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಮುದ್ದೆ ಕೆಳಗಿಳಿಯದೆ ತೇಲಿದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ, ಹಿಂದಿನ ದಿನ ಯಾವುದೋ ಘಟಕ ಬ್ಲೀಚಿಂಗ್ ತೊಟ್ಟಿಯನ್ನೋ ಬಿಸಿ ಕ್ಷಾರವನ್ನೋ ಒಮ್ಮೆಲೇ ಬಿಟ್ಟಿದೆ ಅಥವಾ ಬ್ಲೋವರ್ ನಿಂತಿದೆ ಎಂದರ್ಥ. ಕೋಟಿಗಟ್ಟಲೆ ಬೆಲೆಯ ಯಂತ್ರಗಳಿರುವ ಘಟಕದ ಭವಿಷ್ಯ ಈ ಒಂದು ಲೀಟರ್ ಕೊಳವೆಯಲ್ಲಿ ಕಾಣುತ್ತದೆ. ಬ್ಯಾಕ್ಟೀರಿಯಾ ಸತ್ತರೆ ಮರಳಿ ಬೆಳೆಸಲು ವಾರಗಳೇ ಬೇಕು, ಯಂತ್ರದಂತೆ ಬಿಡಿಭಾಗ ತರಿಸಿ ಜೋಡಿಸಲು ಆಗುವುದಿಲ್ಲ.

ತಿರುಪ್ಪೂರಿಗೆ ಇಲ್ಲೊಂದು ಅನುಕೂಲವಿದೆ. ಹೆಣಿಗೆ ಬಟ್ಟೆಯ ನೂಲಿಗೆ ಗಂಜಿ ಹಾಕುವುದಿಲ್ಲ. ಮಗ್ಗದ ಬಟ್ಟೆಯ ಹಾಸಿನ ನೂಲಿಗೆ ಗಂಜಿ ಬೇಕೇಬೇಕು, ಬಣ್ಣಕ್ಕೆ ಮುಂಚೆ ಅದನ್ನು ತೆಗೆಯಲೂ ಬೇಕು. ಆ ಗಂಜಿಯೆಲ್ಲ ನೀರಿಗಿಳಿದು ಬ್ಯಾಕ್ಟೀರಿಯಾಗಳ ಹೊರೆ ಹೆಚ್ಚಿಸುತ್ತದೆ.

ಪೊರೆಯ ಆಚೆ ಈಚೆ

ಜೈವಿಕ ಹಂತ ದಾಟಿದ ನೀರಿನಲ್ಲಿ ಉಳಿದ ಬಣ್ಣವನ್ನು ಓಜೋನ್ ಹಾಯಿಸಿಯೋ ರಾಳದ ಕಂಬಗಳಲ್ಲಿ ಸೋಸಿಯೋ ತೆಗೆಯುತ್ತಾರೆ. ಕೆಲವು ಕಡೆ ಕ್ಲೋರಿನ್ ಬಳಸುತ್ತಾರೆ. ಅದು ಅಗ್ಗ. ಆದರೆ ಒಂದಿಷ್ಟು ಕ್ಲೋರಿನ್ ಉಳಿದು ಮುಂದೆ ಹೋದರೂ ಆರ್‌ಓ ಪೊರೆ ಸುಟ್ಟಂತಾಗುತ್ತದೆ, ಬೈಸಲ್ಫೈಟ್ ಹಾಕಿ ಅದನ್ನು ಪೂರ್ತಿ ಕೊಲ್ಲಬೇಕು. ಮರಳಿನ ಸೋಸುಕ, ಅಲ್ಟ್ರಾಫಿಲ್ಟರ್, ಗಡಸುತನ ತೆಗೆಯುವ ರಾಳ, ಇವೆಲ್ಲ ಆದಮೇಲೆ ನೀರು ಆರ್‌ಓ ಮುಂದೆ ನಿಲ್ಲುತ್ತದೆ.

ಉಪ್ಪು ಸವರಿದ ಮಾವಿನಕಾಯಿ ಹೋಳು ಜಾಡಿಯಲ್ಲಿ ನೀರು ಬಿಡುವುದನ್ನು ಎಲ್ಲರೂ ನೋಡಿದ್ದೇವೆ. ಹೋಳಿನೊಳಗಿನ ನೀರು ತಾನಾಗಿ ಉಪ್ಪಿನತ್ತ ಸರಿಯುತ್ತದೆ. ಆರ್‌ಓ ಮಾಡುವುದು ಇದರ ವಿರುದ್ಧ ದಿಕ್ಕಿನ ಕೆಲಸ. ಉಪ್ಪಿನ ಕಡೆಯಿಂದ ಪಂಪಿನಲ್ಲಿ ಒತ್ತಡ ಹಾಕಿ ನೀರನ್ನು ಮಾತ್ರ ಪೊರೆಯ ಆಚೆಗೆ ತಳ್ಳುತ್ತದೆ. ಉಪ್ಪು ಹೆಚ್ಚಿದಷ್ಟೂ ಒತ್ತಡ ಹೆಚ್ಚಬೇಕು. ಲೀಟರಿಗೆ 40 ಗ್ರಾಂ ಅಡುಗೆ ಉಪ್ಪು ಇರುವ ನೀರಿನಲ್ಲಿ ಆ ಎಳೆತವೇ ಸುಮಾರು 30 ಬಾರ್, ಅದನ್ನು ಮೀರಿದ ಒತ್ತಡ ಕೊಟ್ಟಾಗ ಮಾತ್ರ ಹನಿ ನೀರು ಬರುತ್ತದೆ.

ದಿನಕ್ಕೆ 10 ಲಕ್ಷ ಲೀಟರ್ ಬರುವ ಒಂದು ಘಟಕ ಇದೆ ಎಂದುಕೊಳ್ಳಿ. ಲೀಟರಿಗೆ 6 ಗ್ರಾಂ ಎಂದರೆ ಅದರಲ್ಲಿ 6 ಟನ್ ಉಪ್ಪು ಇರುತ್ತದೆ. ಮೂರು ನಾಲ್ಕು ಹಂತದ ಆರ್‌ಓದಲ್ಲಿ ಶೇ. 85ರಷ್ಟು ನೀರು ಶುದ್ಧವಾಗಿ ಬಂದರೆ ಎಂಟೂವರೆ ಲಕ್ಷ ಲೀಟರ್ ಬಣ್ಣದ ಮನೆಗೆ ವಾಪಸು. ಈ ನೀರು ಬಣ್ಣಗಾರರಿಗೆ ಬಹಳ ಇಷ್ಟ. ಬೋರ್‌ವೆಲ್ ನೀರಿನ ಸುಣ್ಣಾಂಶ ಸೋಡಾ ಆಶ್ ಜೊತೆ ಸೇರಿ ಬಟ್ಟೆಯ ಮೇಲೆ ಕಲೆ ಮಾಡುತ್ತದೆ, ಟ್ಯಾಂಕರ್ ನೀರು ದಿನಕ್ಕೊಂದು ಬಗೆ. ಆರ್‌ಓ ನೀರು ಮೆದು, ಎಂದೂ ಒಂದೇ ರೀತಿ. ನಿನ್ನೆಯ ಶೇಡ್ ಇವತ್ತೂ ಹಾಗೇ ಕೂರುತ್ತದೆ. ಮರುಬಳಕೆಯ ನೀರು ಎಂದರೆ ಕೀಳು ನೀರು ಎಂಬ ಭಾವನೆ ಸಾಮಾನ್ಯ, ಬಣ್ಣದ ಉದ್ಯಮದಲ್ಲಿ ಮಾತ್ರ ಅದು ಹೊಸ ನೀರಿಗಿಂತ ಮೇಲು.

ಉಳಿದದ್ದು ಒಂದೂವರೆ ಲಕ್ಷ ಲೀಟರ್ ಗಾಢ ಉಪ್ಪುನೀರು, ಲೀಟರಿಗೆ 40 ಗ್ರಾಂ. ಸಮುದ್ರದ ನೀರಿಗಿಂತ ಹೆಚ್ಚು ಉಪ್ಪು. ಘಟಕದವರು ಇದನ್ನು ರಿಜೆಕ್ಟ್ ಎನ್ನುತ್ತಾರೆ. ಆರು ಟನ್ ಉಪ್ಪೂ ಈಗ ಇದರಲ್ಲೇ ಇದೆ. ಆರ್‌ಓ ಉಪ್ಪನ್ನು ನಾಶ ಮಾಡುವುದಿಲ್ಲ, ಒಂದು ಮೂಲೆಗೆ ಒತ್ತರಿಸುತ್ತದೆ ಅಷ್ಟೇ. ನಮ್ಮಲ್ಲಿ ಎಷ್ಟೋ ಜನ ಆರ್‌ಓ ಹಾಕಿದೆವು, ಕೆಲಸ ಮುಗಿಯಿತು ಎಂದು ತಿಳಿಯುತ್ತಾರೆ. ಕಷ್ಟದ ಭಾಗ ಶುರುವಾಗುವುದೇ ಇಲ್ಲಿಂದ.

ಉಪ್ಪುನೀರನ್ನು ಕುದಿಸಿ ಆವಿ ಮಾಡಿದರೆ ಉಪ್ಪು ಉಳಿಯುತ್ತದೆ. ಕೇಳಲು ಸರಳ. ಆದರೆ ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,260 ಕಿಲೋಜೂಲ್ ಶಾಖ ಬೇಕು. ಒಂದೂವರೆ ಲಕ್ಷ ಲೀಟರನ್ನು ಒಂದೇ ಪಾತ್ರೆಯಲ್ಲಿ ಕುದಿಸಿದರೆ, ಸೌದೆ ಬಾಯ್ಲರಿಗೆ ದಿನಕ್ಕೆ ಮೂವತ್ತು ಟನ್ ಆಸುಪಾಸು ಸೌದೆ ತಿನ್ನಿಸಬೇಕು. ಅದಕ್ಕೇ ಆವಿಯಿಂದ ಆವಿ ಎಬ್ಬಿಸುವ ಏರ್ಪಾಡು: ಮೊದಲ ಪಾತ್ರೆಯ ಆವಿ ಎರಡನೆಯದನ್ನು ಕಾಯಿಸುತ್ತದೆ, ಎರಡನೆಯದರ ಆವಿ ಮೂರನೆಯದನ್ನು. ಒಳಗಿನ ಒತ್ತಡ ಇಳಿಸುತ್ತ ಹೋಗುವುದರಿಂದ ಮುಂದಿನ ಪಾತ್ರೆ ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ನಾಲ್ಕು ಪಾತ್ರೆ ಇದ್ದರೆ ಸೌದೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಇನ್ನೊಂದು ಬಗೆಯ ಯಂತ್ರ ಆವಿಯನ್ನೇ ಕಂಪ್ರೆಸರಿನಲ್ಲಿ ಅದುಮಿ ಬಿಸಿಯೇರಿಸಿ ಮತ್ತೆ ಬಳಸುತ್ತದೆ, ಅದಕ್ಕೆ ಸೌದೆಯ ಬದಲು ವಿದ್ಯುತ್ ಸಾಕು. ಏನೇ ಮಾಡಿದರೂ ಝೆಡ್‌ಎಲ್‌ಡಿ ಘಟಕದ ಖರ್ಚಿನಲ್ಲಿ ಈ ಕೊನೆಯ ಶೇ. 15 ನೀರಿನದೇ ದೊಡ್ಡ ಪಾಲು. ನದಿಗೆ ಹೋಗುವ ಮಾಲಿನ್ಯವನ್ನು ತಡೆಯಲು ಹೊಗೆ ಎಬ್ಬಿಸುತ್ತಿದ್ದೇವೆ ಎಂಬ ಟೀಕೆಯಲ್ಲಿ ಹುರುಳಿದೆ.

ಇಲ್ಲಿ ತಿರುಪ್ಪೂರು ಕಂಡುಕೊಂಡ ಜಾಣ ಉಪಾಯವೊಂದಿದೆ. ಉಪ್ಪನ್ನು ಒಣಗಿಸುವುದೇಕೆ, ಹೇಗೂ ನಾಳೆಯ ಬಣ್ಣದ ಪಾತ್ರೆಗೆ ಉಪ್ಪುನೀರೇ ಬೇಕಲ್ಲ? ರಿಜೆಕ್ಟಿನ ಬಣ್ಣ ಮತ್ತು ಗಡಸುತನ ತೆಗೆದು, ಇನ್ನಷ್ಟು ಗಾಢಗೊಳಿಸಿ, ಉಪ್ಪುನೀರಾಗಿಯೇ ಬಣ್ಣದ ಮನೆಗೆ ಕಳಿಸಿದರೆ ಆಯಿತು. ತಿರುಪ್ಪೂರಿನ ಅರುಳ್‌ಪುರಂ ಸಾಮೂಹಿಕ ಘಟಕದಲ್ಲಿ ಈ ವಿಧಾನವನ್ನು ಮಾಡಿ ತೋರಿಸಿದರು. ಆದರೆ ಇದಕ್ಕೊಂದು ಷರತ್ತು ಇತ್ತು. ಅಡುಗೆ ಉಪ್ಪನ್ನೂ ಸಲ್ಫೇಟನ್ನೂ ಮನಬಂದಂತೆ ಬೆರೆಸಿ ಬಳಸಿದರೆ ಸಿಗುವುದು ಯಾರಿಗೂ ಬೇಡವಾದ ಮಿಶ್ರ ಉಪ್ಪು. ಹಾಗಾಗಿ ಘಟಕಗಳು ಸೋಡಿಯಂ ಸಲ್ಫೇಟಿಗೇ ಹೊರಳಬೇಕಾಯಿತು.

ಸಲ್ಫೇಟೇ ಏಕೆ ಎಂದರೆ ಅದನ್ನು ಬೇರ್ಪಡಿಸುವುದು ಸುಲಭ. ನ್ಯಾನೋಫಿಲ್ಟರ್ ಎಂಬ ಪೊರೆ ಸಲ್ಫೇಟನ್ನು ತಡೆದು ಕ್ಲೋರೈಡನ್ನು ಬಿಟ್ಟುಕೊಡುತ್ತದೆ. ಅದಕ್ಕಿಂತ ಸೊಗಸಾದದ್ದು ತಂಪಿನ ವಿಧಾನ. ಅಡುಗೆ ಉಪ್ಪು ಬಿಸಿನೀರಿನಲ್ಲೂ ತಣ್ಣೀರಿನಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕರಗುತ್ತದೆ. ಸೋಡಿಯಂ ಸಲ್ಫೇಟ್ ಹಾಗಲ್ಲ. 32 ಡಿಗ್ರಿಯ ನೂರು ಗ್ರಾಂ ನೀರಿನಲ್ಲಿ ಸುಮಾರು 50 ಗ್ರಾಂ ಕರಗುವ ಅದು, ಸೊನ್ನೆ ಡಿಗ್ರಿಗೆ ಬಂದರೆ ಬರೀ 5 ಗ್ರಾಂ ಕರಗುತ್ತದೆ. ಗಾಢ ಉಪ್ಪುನೀರನ್ನು ತಣಿಸುತ್ತ ಹೋದರೆ ಹತ್ತು ಡಿಗ್ರಿಯ ಕೆಳಗೆ ಸಲ್ಫೇಟ್ ಉದ್ದುದ್ದ, ಗಾಜಿನಂತೆ ಪಾರದರ್ಶಕ ಹರಳುಗಳಾಗಿ ಬೇರ್ಪಡುತ್ತದೆ. ಪ್ರತಿ ಹರಳೂ ಹತ್ತು ಪಾಲು ನೀರಿನ ಅಣುಗಳನ್ನು ಹೊತ್ತುಕೊಂಡಿರುತ್ತದೆ. ಇದೇ ಗ್ಲಾಬರ್ ಉಪ್ಪು, ಬಣ್ಣದ ಮನೆ ಮಾರುಕಟ್ಟೆಯಲ್ಲಿ ಕೊಳ್ಳುತ್ತಿದ್ದ ವಸ್ತುವೇ. ಕ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ.

ಆದರೂ ಕೊನೆಗೆ ಒಂದಿಷ್ಟು ಕೊಳಕು ಮಿಶ್ರ ಉಪ್ಪು ಉಳಿದೇ ಉಳಿಯುತ್ತದೆ. ಬೋರ್‌ವೆಲ್ ನೀರಿನಿಂದ ಬಂದ ಕ್ಲೋರೈಡ್, ಬಣ್ಣದ ಚೂರು, ಸಿಲಿಕಾ ಎಲ್ಲ ಸೇರಿದ ಕಂದು ಪುಡಿ. ಅದನ್ನು ಚೀಲ ತುಂಬಿ, ಮಳೆ ತಾಗದ ಶೆಡ್ಡುಗಳಲ್ಲಿ ಒಟ್ಟಬೇಕು. ಕರಗುವ ವಸ್ತುವಾದ್ದರಿಂದ ಗುಂಡಿಗೆ ಹಾಕಿ ಮುಚ್ಚುವುದೂ ಕಷ್ಟ. ಶೂನ್ಯ ವಿಸರ್ಜನೆ ಎಂಬ ಹೆಸರಿನಲ್ಲಿ ಶೂನ್ಯವಾಗುವುದು ದ್ರವ ಮಾತ್ರ.

ಪಾತ್ರೆಯಲ್ಲೇ ಕಡಿಮೆ ಮಾಡುವುದು

ಇಷ್ಟು ತಿಳಿದಮೇಲೆ ಜಾಣರು ಕೇಳುವ ಪ್ರಶ್ನೆ: ಉಪ್ಪನ್ನೇ ಕಡಿಮೆ ಮಾಡಲು ಬರುವುದಿಲ್ಲವೇ? ಬರುತ್ತದೆ. ಉಪ್ಪಿನ ಪ್ರಮಾಣ ನಿಲ್ಲುವುದು ಪಾತ್ರೆಯ ನೀರಿನ ಮೇಲೆ. ಕಿಲೋ ಬಟ್ಟೆಗೆ 8 ಲೀಟರ್ ಬದಲು 5 ಲೀಟರ್ ಸಾಕಾಗುವ ಯಂತ್ರ ತಂದರೆ, ಲೀಟರಿಗೆ ಅಷ್ಟೇ ಗ್ರಾಂ ಹಾಕಿದರೂ ನಮ್ಮ ಲಾಟಿನ 280 ಕಿಲೋ ಉಪ್ಪು 175 ಕಿಲೋಗೆ ಇಳಿಯುತ್ತದೆ. ಒಂದೇ ಅಣುವಿನಲ್ಲಿ ಎರಡು ಕೊಂಡಿಗಳಿರುವ ಬಣ್ಣಗಳು ನೂಲಿಗೆ ಹೆಚ್ಚು ಹಿಡಿಯುತ್ತವೆ, ತೊಳೆತ ಕಡಿಮೆಯಾಗುತ್ತದೆ. ಬಟ್ಟೆಯನ್ನು ಬಣ್ಣ ಮತ್ತು ಕ್ಷಾರದಲ್ಲಿ ಅದ್ದಿ, ಹಿಂಡಿ, ಉರುಳೆಗೆ ಸುತ್ತಿ, ಪ್ಲಾಸ್ಟಿಕ್ ಹೊದಿಸಿ ರಾತ್ರಿಯಿಡೀ ನಿಧಾನ ತಿರುಗಿಸುತ್ತ ಬಿಡುವ ಕೋಲ್ಡ್ ಪ್ಯಾಡ್ ಬ್ಯಾಚ್ ವಿಧಾನಕ್ಕೆ ಉಪ್ಪೂ ಬೇಡ, ಬಿಸಿಯೂ ಬೇಡ. ಹತ್ತಿಗೆ ಮೊದಲೇ ಧನ ವಿದ್ಯುದಂಶ ಹಚ್ಚುವ ರಾಸಾಯನಿಕ ಉಪಚಾರವೂ ಇದೆ, ಆಗ ಬಣ್ಣ ತಾನೇ ಬಂದು ಅಂಟುತ್ತದೆ, ಆದರೆ ಸಮನಾಗಿ ಕೂರಿಸುವುದು ಕಷ್ಟ. ಒಂದು ಕಿಲೋ ಉಪ್ಪನ್ನು ಪಾತ್ರೆಗೆ ಹಾಕದೇ ಇರುವುದಕ್ಕೆ ತಗಲುವ ಖರ್ಚು, ಅದೇ ಒಂದು ಕಿಲೋವನ್ನು ನೀರಿನಿಂದ ತೆಗೆಯುವ ಖರ್ಚಿಗಿಂತ ಬಹಳ ಕಡಿಮೆ. ತಿರುಪ್ಪೂರಿನ ದೊಡ್ಡ ಘಟಕಗಳು ಇದನ್ನು ಕಲಿತದ್ದು ಶುದ್ಧೀಕರಣದ ಬಿಲ್ಲು ಕೈಗೆ ಬಂದಮೇಲೆ.

ನಮ್ಮ ಕಡೆ

ಕರ್ನಾಟಕದ ಎಲ್ಲ ಬಣ್ಣದ ಘಟಕಕ್ಕೂ ತಿರುಪ್ಪೂರಿನ ಮಾದರಿಯನ್ನೇ ಹೇರಬೇಕು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನೂಲು ಬದಲಾದರೆ ನೀರೂ ಬದಲಾಗುತ್ತದೆ.

ರೇಷ್ಮೆಯನ್ನೇ ನೋಡಿ. ಕಚ್ಚಾ ರೇಷ್ಮೆಯ ತೂಕದಲ್ಲಿ ನಾಲ್ಕನೇ ಒಂದು ಭಾಗದವರೆಗೆ ಸೆರಿಸಿನ್ ಎಂಬ ಅಂಟು ಇರುತ್ತದೆ, ಸೋಪು ಸೋಡಾದಲ್ಲಿ ಕುದಿಸಿ ಅದನ್ನು ತೆಗೆದ ಮೇಲೆಯೇ ಬಣ್ಣ. ಆ ಅಂಟು ಪ್ರೋಟೀನು, ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಆಹಾರ. ರೇಷ್ಮೆಗೆ ಆಮ್ಲ ಬಣ್ಣಗಳು ಹಿಡಿಯುವುದರಿಂದ ಹತ್ತಿಯಷ್ಟು ಉಪ್ಪು ಬೇಕಿಲ್ಲ. ಬೆಂಗಳೂರಿನ ಹಳೆಯ ಪೇಟೆಗಳ, ದೊಡ್ಡಬಳ್ಳಾಪುರದ ರೇಷ್ಮೆ ಬಣ್ಣದ ಮನೆಗಳಿಗೆ ಒಳ್ಳೆಯ ಜೈವಿಕ ಘಟಕವೇ ಅರ್ಧ ಯುದ್ಧ ಗೆದ್ದಂತೆ. ಲೋಹ ಬೆರೆತ ಬಣ್ಣಗಳಿದ್ದರೆ ಕ್ರೋಮಿಯಂ ಮೇಲೆ ಕಣ್ಣಿಡಬೇಕು.

ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕಗಳದು ಇನ್ನೊಂದು ಕಥೆ. ನೀಲಿ ಇಂಡಿಗೋ ನೀರಿನಲ್ಲಿ ಕರಗದ ಬಣ್ಣ. ತೊಳೆದಾಗ ಉದುರುವುದು ಕಣಗಳ ರೂಪದಲ್ಲಿ, ಜೊತೆಗೆ ಪ್ಯೂಮಿಸ್ ಕಲ್ಲಿನ ಪುಡಿ, ದಾರದ ಜುಂಗು. ಕಡುನೀಲಿಯಾಗಿ ಭೀಕರವಾಗಿ ಕಂಡರೂ ಈ ನೀರನ್ನು ಪಟಿಕ ಹಾಕಿ ತಿಳಿಗೊಳಿಸಿ, ಜೈವಿಕ ತೊಟ್ಟಿ ಹಾಯಿಸಿ, ಸೋಸಿ ಮತ್ತೆ ತೊಳೆಯಲು ಬಳಸುವುದು ಹತ್ತಿ ಬಣ್ಣದ ನೀರಿಗಿಂತ ಎಷ್ಟೋ ಸುಲಭ. ಅಷ್ಟೂ ಮಾಡದೆ ಚರಂಡಿಗೆ ಬಿಡುವುದಕ್ಕೆ ತಾಂತ್ರಿಕ ಕಾರಣವೇನೂ ಇಲ್ಲ.

ಇಳಕಲ್, ರಬಕವಿ-ಬನಹಟ್ಟಿಯಂಥ ಊರುಗಳಲ್ಲಿ ಹತ್ತಿ ನೂಲಿನ ಲಡಿಗಳನ್ನು ತೊಟ್ಟಿಯಲ್ಲಿ ಅದ್ದಿ ಬಣ್ಣ ಹಾಕುವ ಚಿಕ್ಕ ಮನೆಗಳಿಗೆ ಆರ್‌ಓ, ಆವಿಯಂತ್ರ ಹಾಕಿಕೊಳ್ಳಿ ಎನ್ನುವುದು ಅವರನ್ನು ಮುಚ್ಚಿಸಿದಂತೆಯೇ. ತಿರುಪ್ಪೂರಿನಲ್ಲೂ ಖರ್ಚು ತಾಳದೆ ಕೈಬಿಟ್ಟವರು ಚಿಕ್ಕವರೇ. ಇಂಥಲ್ಲಿ ಬಣ್ಣದ ತೊಟ್ಟಿಯ ನೀರು ಮತ್ತು ಮೊದಲ ತೊಳೆತವನ್ನು ಬೇರೆ ಹಿಡಿದು, ತಳಕ್ಕೆ ಹಾಳೆ ಹಾಸಿದ ಬಿಸಿಲ ತೊಟ್ಟಿಯಲ್ಲಿ ಒಣಗಿಸುವುದು ಆಗಬಹುದಾದ ಕೆಲಸ. ಉತ್ತರ ಕರ್ನಾಟಕದ ಬಿಸಿಲಿನಲ್ಲಿ ಒಂದು ಚದರ ಮೀಟರ್ ತೊಟ್ಟಿಯಿಂದ ದಿನಕ್ಕೆ ನಾಲ್ಕೈದು ಲೀಟರ್ ಆರುತ್ತದೆ, ಮಳೆಗಾಲದಲ್ಲಿ ಮುಚ್ಚಿಡಬೇಕು. ಉಳಿದ ತೊಳೆತದ ನೀರನ್ನು ಐದಾರು ಮನೆಗಳು ಸೇರಿ ಒಂದು ಜೈವಿಕ ತೊಟ್ಟಿಯಲ್ಲಿ ಶುದ್ಧಮಾಡಿದರೆ ಮುಂದಿನ ಲಾಟಿನ ತೊಳೆತಕ್ಕೆ ಸಾಕು. ಇದಕ್ಕೆ ಸರ್ಕಾರ ಜಾಗ ಕೊಡಬೇಕು, ನೇಕಾರರ ಸಹಕಾರ ಸಂಘಗಳು ಮುಂದೆ ಬರಬೇಕು.

ಕೊನೆಯದಾಗಿ, ಯಾವುದಾದರೂ ಘಟಕ ನಾವು ಎಲ್ಲ ನೀರನ್ನೂ ಶುದ್ಧಮಾಡಿ ಮರುಬಳಸುತ್ತೇವೆ ಎಂದು ಹೇಳಿಕೊಂಡರೆ ಅದನ್ನು ಪರೀಕ್ಷಿಸುವುದು ಹೇಗೆ? ಹೊರಬರುವ ನೀರನ್ನು ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಹಿಡಿದರೆ ಏನೂ ಗೊತ್ತಾಗುವುದಿಲ್ಲ. ಕೇಳಬೇಕಾದದ್ದು ಉಪ್ಪಿನ ಲೆಕ್ಕ. ತಿಂಗಳಿಗೆ ಎಷ್ಟು ಟನ್ ಉಪ್ಪು, ಸೋಡಾ ಆಶ್ ಕೊಂಡಿರಿ? ಎಷ್ಟನ್ನು ಮತ್ತೆ ಪಾತ್ರೆಗೆ ಹಾಕಿದಿರಿ? ಎಷ್ಟು ಚೀಲ ಶೆಡ್ಡಿನಲ್ಲಿದೆ? ಉಪ್ಪು ಆವಿಯಾಗಿ ಹಾರಿಹೋಗುವುದಿಲ್ಲ, ಬ್ಯಾಕ್ಟೀರಿಯಾ ಅದನ್ನು ತಿನ್ನುವುದಿಲ್ಲ. ಕೊಂಡದ್ದಕ್ಕೂ ಉಳಿದದ್ದಕ್ಕೂ ತಾಳೆಯಾಗದಿದ್ದರೆ ಕಾಣೆಯಾದ ಉಪ್ಪು ಯಾವುದೋ ಹಳ್ಳಕ್ಕೆ ಅಥವಾ ಬೋರ್‌ವೆಲ್ಲಿಗೆ ಇಳಿದಿದೆ ಎಂದೇ ಅರ್ಥ. ಖರೀದಿಯ ಬಿಲ್ಲು, ವಿದ್ಯುತ್ ಮತ್ತು ಸೌದೆಯ ಲೆಕ್ಕ, ಶೆಡ್ಡಿನ ಚೀಲ, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿ ಪ್ರತಿ ಘಟಕದಿಂದ ಈ ಲೆಕ್ಕವನ್ನು ಕಡ್ಡಾಯವಾಗಿ ಪಡೆದು ಸಾರ್ವಜನಿಕರ ಮುಂದಿಡಬೇಕು. ನಿಮ್ಮ ಊರಿನಲ್ಲಿ ಬಣ್ಣದ ಘಟಕವಿದ್ದರೆ, ಮುಂದಿನ ಗ್ರಾಮಸಭೆಯಲ್ಲೋ ವಾರ್ಡ್ ಸಭೆಯಲ್ಲೋ ನೀವೂ ಇದನ್ನೇ ಕೇಳಿ.